ಹನ್ನೊಂದನೇ ಹಾಸಿಗೆಯ ದೊಡ್ಡಮ್ಮ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕುರ್ಚಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೆಲಸ ಕುರ್ಚಿಯ ಮೇಲೆ ಕೂರುವುದು. ಜೀವ ತೆಗೆದುಕೊಳ್ಳಲು ಹೋಗಿ ಬದುಕುಳಿದವರು ದುಡ್ಡಿದ್ದವರಾದರೆ ಮೂರನೇ ಮಹಡಿಯ ಕೋಣೆಗಳಲ್ಲಿ ಇರುತ್ತಿದ್ದರು. ಅಂಥವರ ಮಂಚದ ಪಕ್ಕ ದಿನಕ್ಕೆ ಹನ್ನೆರಡು ಗಂಟೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಕೈ ಚಾಚಿದರೆ ರೋಗಿ ಸಿಗುವಷ್ಟು ಹತ್ತಿರ ಇರಬೇಕು. ಓದುವಂತಿಲ್ಲ, ತೂಕಡಿಸುವಂತಿಲ್ಲ, ರೋಗಿಯ ಜೊತೆ ಮಾತಾಡುವಂತಿಲ್ಲ. ರೋಗಿ ಬಚ್ಚಲಿಗೆ ಹೋದರೆ ಬಾಗಿಲಿನ ಸಂದಿಗೆ ಕಾಲು ಕೊಟ್ಟು ನಿಲ್ಲಬೇಕು. ಕಸ ಗುಡಿಸುವವರಿಗೆ ಇದನ್ನು ಕಂಡರೆ ಹೊಟ್ಟೆಕಿಚ್ಚು. "ಕೂತು ತಿನ್ನೋ ಪುಣ್ಯ ಎಲ್ರಿಗೂ ಬರುತ್ತಾ ಅಕ್ಕ" ಎಂದು ಕಿಚಾಯಿಸುತ್ತಿದ್ದರು. ಒಮ್ಮೆ ಅವರಲ್ಲೊಬ್ಬಳು ಬದಲಿಗೆ ಕೂತಳು. ಊಟದ ಹೊತ್ತಿಗೆ ತಲೆ ಸಿಡಿಯುತ್ತೆ ಎಂದು ಎದ್ದು ಹೋಗಿ ಪೊರಕೆ ಹಿಡಿದಳು.

ನಾನು ಕೆಳಗಿನ ಸಾಮಾನ್ಯ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ನಲವತ್ತು ಹಾಸಿಗೆಗೆ ಇಬ್ಬರು. ಜೀವ ಬೇಡ ಅಂದವರು ನಮ್ಮಲ್ಲಿಗೂ ಬರುತ್ತಿದ್ದರು, ಮೇಲಿನ ಮಹಡಿಗೆ ಒಬ್ಬರು ಬಂದರೆ ನಮ್ಮಲ್ಲಿಗೆ ಆರು ಜನ. ಆದರೆ ನಮ್ಮ ವಾರ್ಡಿಗೆ ಕಾಯುವ ಕುರ್ಚಿ ಇರಲಿಲ್ಲ, ಒಂದು ರಬ್ಬರ್ ಮೊಹರು ಇತ್ತು. ಸಂಬಂಧಿಕರು ಕಾಯತಕ್ಕದ್ದು ಎಂದು ಅದರಲ್ಲಿ ಕೆತ್ತಿತ್ತು. ಕೇಸಿನ ಹಾಳೆಯ ಮೇಲೆ ಅದನ್ನು ಒತ್ತಿದರೆ ಆಸ್ಪತ್ರೆಯ ಕೆಲಸ ಮುಗಿಯಿತು. ಯಾರು ಕರೆತಂದು ಸಹಿ ಹಾಕುತ್ತಾರೋ ಅವರೇ ಸಂಬಂಧಿಕರು. ಗಂಡನ ಏಟು ತಾಳಲಾರದೆ ಬಂದವಳಿಗೆ ಗಂಡನೇ ಕಾವಲು. ಟ್ಯಾಕ್ಸಿಯವನು ಎತ್ತಿಕೊಂಡು ಬಂದರೆ ಟ್ಯಾಕ್ಸಿಯವನೇ ಬಂಧು. ಎಷ್ಟು ಸಾವಿರ ಸಲ ಆ ಮೊಹರನ್ನು ಒತ್ತಿದ್ದೇನೋ, ಒಂದು ಸಲವೂ ನನ್ನ ಕೈ ತಡೆಯಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ನಾಚಿಕೆ ಪಡಬೇಕಾದದ್ದು ಮುಂದಿದೆ.

ಅಕ್ಕನಿಗೆ ಆ ಮೊಹರು ಚೆನ್ನಾಗಿ ಗೊತ್ತಿತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ಅವಳೂ ಇಂಥದೇ ಒಂದು ವಾರ್ಡಿನಲ್ಲಿ ಮಲಗಿದ್ದವಳು. ಅವಳನ್ನು ಕಾಯಲು ಕೂತದ್ದು ಅವಳ ಅತ್ತೆ. ಯಾರ ಬಾಯಿಂದ ತಪ್ಪಿಸಿಕೊಳ್ಳಲು ಹೋಗಿದ್ದಳೋ ಅವರೇ ತಲೆಯ ಹತ್ತಿರ ಕೂತು, "ಸಾಯೋದಕ್ಕೂ ಯೋಗ್ಯತೆ ಇಲ್ಲ ನಿಂಗೆ" ಎಂದು ಹಲ್ಲು ಕಡಿಯುತ್ತಿದ್ದರಂತೆ. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಒಬ್ಬ ಮುದುಕಿ ಇದ್ದಳು. ಆ ಮುದುಕಿಗೆ ಗಳಿಗೆಗೊಂದು ಕೆಲಸ. ನೀರು ಕೊಡೇ, ದಿಂಬು ಎತ್ತೇ, ಪಟ್ಟಿಯ ಒಳಗೆ ಕಡಿತ, ಕಡ್ಡಿ ಹಾಕಿ ಕೆರೆಯೇ. ಈ ಕಥೆ ಹೇಳುವಾಗ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. "ಹತ್ತು ದಿನ ಸಿಸ್ಟರ್! ಸಾಯೋದಕ್ಕೆ ಪುರುಸೊತ್ತೇ ಕೊಡ್ಲಿಲ್ಲ ಆ ಮುದುಕಿ. ಹನ್ನೊಂದನೇ ದಿನ ಎದ್ದು ನೋಡಿದ್ರೆ ನಂಗೆ ಹಸಿವಾಗ್ತಿದೆ!" ಅಲ್ಲಿಂದ ಅವಳು ಗಂಡನ ಮನೆಗೆ ಹೋಗಲಿಲ್ಲ. ಬಟ್ಟೆ ಒಗೆದಳು, ಇಟ್ಟಿಗೆ ಹೊತ್ತಳು, ಹೆರಿಗೆ ವಾರ್ಡಿನಲ್ಲಿ ಆಯಾ ಆದಳು. ಐವತ್ತಕ್ಕೆ ಈ ಕುರ್ಚಿ ಸಿಕ್ಕಿತು. ಆಳುಗಳನ್ನು ಪೂರೈಸುವ ಗುತ್ತಿಗೆದಾರ ಕೊಟ್ಟ ಕೋಣೆಯಲ್ಲಿ ಇನ್ನೂ ಐವರು ಆಯಾಗಳ ಜೊತೆ ಇದ್ದಳು. ಅವಳದು ಅನ್ನುವ ವಿಳಾಸ ಅದೊಂದೇ.

ಮಾತಾಡಬಾರದು ಅನ್ನುವ ನಿಯಮವನ್ನು ಅವಳು ಮೊದಲ ದಿನವೇ ಗಾಳಿಗೆ ತೂರಿದ್ದಳು. ಯಾಕೆ ಹೀಗೆ ಮಾಡಿಕೊಂಡೆ ಎಂದು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಇನ್ನೊಂದು. ಜ್ವರ ಬಿಟ್ಟಿತಾ ಎಂದು ಕೇಳುವಷ್ಟು ಸಲೀಸಾಗಿ, "ಸಾಯ್ಬೇಕು ಅಂತ ಈಗ್ಲೂ ಅನ್ಸುತ್ತಾ?" ಎಂದುಬಿಡುತ್ತಿದ್ದಳು. ನಾನೊಮ್ಮೆ ಗದರಿದೆ.

"ಹಾಗೆಲ್ಲಾ ನೇರವಾಗಿ ಕೇಳ್ತಾರಾ? ನೆನಪು ಮಾಡಿಕೊಟ್ಟ ಹಾಗಾಗಲ್ವಾ?"

"ಮರೆತಿದ್ರೆ ತಾನೇ ಸಿಸ್ಟರ್ ನೆನಪು ಮಾಡಿಕೊಡೋದು" ಅಂದಳು.

ಇನ್ನೊಂದು ವಿಷಯ ಅವಳಿಂದಲೇ ನಾನು ಕಲಿತದ್ದು. ನಮ್ಮಂಥ ವಾರ್ಡಿನಲ್ಲಿ ಕೆಟ್ಟ ಹೊತ್ತು ಅಂದರೆ ರಾತ್ರಿ ಎಂದೇ ನಾವೆಲ್ಲ ತಿಳಿದಿದ್ದೆವು. ಅಕ್ಕನ ಪ್ರಕಾರ ಕೆಟ್ಟ ಹೊತ್ತು ಸಂಜೆ ನಾಲ್ಕರಿಂದ ಐದು, ನೋಡಲು ಬರುವವರನ್ನು ಒಳಗೆ ಬಿಡುವ ಸಮಯ. ಮೂವತ್ತೊಂಬತ್ತು ಹಾಸಿಗೆಯ ಸುತ್ತ ಜನ, ಹಣ್ಣು, ಮಕ್ಕಳ ಗಲಾಟೆ. ನಲವತ್ತನೆಯ ಹಾಸಿಗೆಯವಳು ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. ನರ್ಸುಗಳು ಹೇಗೂ ಜನ ಇದ್ದಾರಲ್ಲ ಎಂದು ಆ ಹೊತ್ತಿಗೇ ಟೀ ಕುಡಿಯಲು ಹೋಗುತ್ತಾರೆ. ನಾವೂ ಹಾಗೇ ಹೋಗುತ್ತಿದ್ದೆವು.

ಒಂದು ಸೋಮವಾರ ಹನ್ನೊಂದನೇ ಹಾಸಿಗೆಗೆ ಒಬ್ಬ ಹುಡುಗಿ ಬಂದಳು. ವಯಸ್ಸು ಹತ್ತೊಂಬತ್ತು, ಹಿಂದೆ ಮುಂದೆ ಯಾರೂ ಇಲ್ಲ. ಹನ್ನೆರಡನೇ ವಯಸ್ಸಿನಿಂದ ಒಂದು ಶ್ರೀಮಂತರ ಮನೆಯಲ್ಲೇ ಇದ್ದು ಕೆಲಸ ಮಾಡಿಕೊಂಡಿದ್ದವಳು. ಸೋಪಿನ ನೀರಿಗೆ ಬೆರಳ ಸಂದಿಯ ಚರ್ಮವೆಲ್ಲ ಸುಲಿದುಹೋಗಿತ್ತು. ಮಲಗುತ್ತಿದ್ದದ್ದು ಮೆಟ್ಟಿಲ ಕೆಳಗೆ, ಬಟ್ಟೆ ಒಗೆಯುವ ಮಿಷಿನ್ ಪಕ್ಕ. ಅವಳನ್ನು ಕರೆತಂದದ್ದು ಆ ಮನೆಯ ಡ್ರೈವರ್. ಸಂಬಂಧಿಕರು ಅನ್ನುವ ಜಾಗದಲ್ಲಿ ಅವನೇ ಸಹಿ ಹಾಕಿದ. ನಾನು ಮೊಹರು ಒತ್ತಿದೆ. ಅವನು ಹೋಗುವಾಗ ಪಿಸುಮಾತಿನಲ್ಲಿ ಒಂದು ವಿಷಯ ಹೇಳಿದ.

"ಮೇಡಮ್ ಅವರ ಕಿವಿಯೋಲೆ ಕಳೆದಿತ್ತು ಸಿಸ್ಟರ್. ಬಂದ ನೆಂಟರ ಮುಂದೆನೇ ಇವಳ ಬಟ್ಟೆ ಗಂಟು ಎಲ್ಲಾ ಬಿಚ್ಚಿಸಿದ್ರು. ನಿನ್ನೆ ಆ ಓಲೆ ಮಿಷಿನ್ ಒಳಗೇ ಸಿಕ್ತು."

"ಇವಳಿಗೆ ಹೇಳಿದ್ರಾ?"

"ನಾನ್ಯಾಕೆ ಬಾಯಿ ಹಾಕ್ಲಿ?" ಎಂದು ಹೊರಟುಹೋದ.

ಒಂದು ಓಲೆಗಾಗಿ ಯಾರೂ ಸಾಯಲು ಹೋಗುವುದಿಲ್ಲ. ಏಳು ವರ್ಷ ಬೀಗ ಹಾಕಿದ ಅಡುಗೆಮನೆ, ಒಂದು ದಿನವೂ ರಜೆ ಇಲ್ಲ, ಮಾತಾಡಲು ಒಂದು ನರಪಿಳ್ಳೆ ಇಲ್ಲ, ಅದರ ಮೇಲೆ ಈ ಓಲೆ. ಅವಳಿಗೆ ಸುದ್ದಿ ತಿಳಿಸಬೇಕೆಂದು ನಾನೂ ಅಂದುಕೊಂಡೆ. ಆಮೇಲೆ ಯಾರಿಗೋ ಡ್ರಿಪ್ ಮುಗಿಯಿತು, ಇನ್ಯಾರಿಗೋ ವಾಂತಿ ಆಯಿತು, ಮರೆತೆ.

ಮೇಲಿನ ಮಹಡಿಯಲ್ಲಿ ಆ ವಾರ ಅಕ್ಕ ಕಾಯುತ್ತಿದ್ದದ್ದು ಒಬ್ಬ ಬಿಲ್ಡರ್‌ನ ಮಗನನ್ನು. ಪರೀಕ್ಷೆ, ಪ್ರೀತಿ, ಏನೋ ಒಂದು. ಅವನ ನೋವೇನೂ ಸುಳ್ಳಲ್ಲ, ನೋವಿಗೆ ಮೇಲಿನ ಮಹಡಿ ಕೆಳಗಿನ ಮಹಡಿ ಅಂತ ಭೇದ ಇಲ್ಲ. ಇರುವುದು ಕಾವಲಿಗೆ. ನಾಲ್ಕು ಗಂಟೆಯಾದರೆ ಅವನ ಕೋಣೆಯಲ್ಲಿ ಚಿಕ್ಕಮ್ಮ, ಸೋದರಮಾವ, ಇಬ್ಬರು ಗೆಳೆಯರು ಎಲ್ಲ ಸೇರುತ್ತಿದ್ದರು. ಅಕ್ಕನ ಕುರ್ಚಿಗೇ ಜಾಗ ಇರುತ್ತಿರಲಿಲ್ಲ. ಹನ್ನೊಂದನೇ ಹಾಸಿಗೆಯ ಸುದ್ದಿ ಆಯಾಗಳ ಬಾಯಿಂದ ಅವಳಿಗೆ ತಲುಪಿತ್ತು. ಮಂಗಳವಾರ ನಾಲ್ಕಕ್ಕೆ ಅವಳು ಚಿಕ್ಕಮ್ಮನಿಗೆ ಹೇಳಿ, ಆಯಾಗಳ ನೀಲಿ ಕೋಟು ಕಾಣದಂತೆ ಮೇಲೆ ಒಂದು ಶಾಲು ಹೊದ್ದು, ಮೂರು ಮಹಡಿ ಇಳಿದು ಬಂದು ಹುಡುಗಿಯ ಪಕ್ಕ ಕೂತಳು.

"ಪುಟ್ಟಿ, ಈ ಸೂಜಿಗೆ ದಾರ ಪೋಣಿಸ್ಕೊಡು. ನಂಗೆ ಕಣ್ಣು ಕಾಣಲ್ಲ."

ಹುಡುಗಿ ತಿರುಗಿ ನೋಡಲಿಲ್ಲ. ಅಕ್ಕ ಮೂರು ಸಲ ಕೇಳಿದಳು. ನಾಲ್ಕನೇ ಸಲಕ್ಕೆ ಹುಡುಗಿ ಸಿಟ್ಟಿನಿಂದ ಎದ್ದು ಪೋಣಿಸಿ ಕೊಟ್ಟಳು. ಮರುದಿನ ಅಕ್ಕ ಅವಳಿಂದ ಕೋಟಿನ ಗುಂಡಿ ಹೊಲಿಸಿದಳು. ಓಲೆ ಸಿಕ್ಕಿದ ಸುದ್ದಿಯನ್ನೂ ಅವಳೇ ಹೇಳಿದಳು, ನಾಚಿಕೆಯಿಲ್ಲದೆ ನಾನು ಅದನ್ನು ಅವಳಿಗೆ ಒಪ್ಪಿಸಿದ್ದೆ.

"ಹಾಗಾದ್ರೆ ನಾನು ಕದ್ದಿಲ್ಲ ಅಂತ ಅವರಿಗೆ ಗೊತ್ತಾ?" ಹುಡುಗಿ ಕೇಳಿದಳು.

"ಗೊತ್ತು."

"ಗೊತ್ತಿದ್ದೂ ಬರ್ಲಿಲ್ವಾ?"

ಅಕ್ಕ ಸುಳ್ಳು ಹೇಳಲಿಲ್ಲ. "ಬರ್ಲಿಲ್ಲ. ಅವರು ಬರೋ ಜನ ಅಲ್ಲ. ನೀನು ಅವರಿಗೋಸ್ಕರ ಸಾಯೋದೂ ಬೇಡ, ಬದುಕೋದೂ ಬೇಡ" ಎಂದಳು. ಹುಡುಗಿ ಅಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಗುರುವಾರ ಬಾಚಣಿಗೆ ಕೇಳಿದಳು. ಶುಕ್ರವಾರ ಬ್ರೆಡ್ಡು ಸಾಲದು ಎಂದಳು. ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದ್ದೇನೆ, ಬದುಕಿನ ಕಡೆ ತಿರುಗಿದವರ ಮುಖ ನನಗೆ ಗೊತ್ತಾಗುತ್ತದೆ. ಆ ಹುಡುಗಿ ತಿರುಗಿದ್ದಳು. ಇದನ್ನು ಯಾರು ಕೇಳಿದರೂ ಹೇಳುತ್ತೇನೆ. ಅವಳು ಸಾಯಲೇಬೇಕು ಅಂತ ಏನೂ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬುಧವಾರ ಸಂಜೆ ಮೇಟ್ರನ್ ಸುತ್ತು ಹಾಕುತ್ತಾ ಬಂದರು. ಹನ್ನೊಂದನೇ ಹಾಸಿಗೆಯ ಹತ್ತಿರ ಕೂತವಳನ್ನು ತೋರಿಸಿ, "ಅವಳ್ಯಾರು?" ಎಂದರು. ಡ್ಯೂಟಿ ಬಿಟ್ಟು ಬಂದ ಆಯಾ ಎಂದರೆ ಅಕ್ಕನ ಕೆಲಸ ಹೋಗುತ್ತದೆ. ನಾನು ತಟ್ಟನೆ, "ಹುಡುಗಿಯ ದೊಡ್ಡಮ್ಮ ಮೇಡಮ್, ದಿನಾ ಬರ್ತಾರೆ" ಎಂದೆ. "ಹಾಗಾದ್ರೆ ಬರೆದಿಡಿ" ಎಂದರು. ಬರೆದಿಟ್ಟೆ. ನರ್ಸುಗಳ ಹಾಳೆಯಲ್ಲಿ, ನನ್ನ ದುಂಡು ಅಕ್ಷರದಲ್ಲಿ: ಸಂಬಂಧಿ (ದೊಡ್ಡಮ್ಮ) ಬಂದಿದ್ದಾರೆ, ರೋಗಿಯ ಜೊತೆ ಕೂತಿದ್ದಾರೆ. ಒಂದು ದಿನ ಬರೆದ ಮೇಲೆ ಮರುದಿನ ಬಿಡುವಂತಿಲ್ಲವಲ್ಲ. ಆರು ದಿನ ಬರೆದೆ. ಅಕ್ಕನಿಗೆ ತೋರಿಸಿದೆ ಕೂಡ. ಅವಳು ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕೈ ಹಿಡಿದಳು. ಪರೋಪಕಾರ ಮಾಡಿದ ಖುಷಿಯಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದಿನ ಸೋಮವಾರ ಬಿಲ್ಡರ್‌ನ ಹೆಂಡತಿ ದೂರು ಕೊಟ್ಟಳು. ದಿನಾ ಬೆಳಿಗ್ಗೆ ಬರುತ್ತಿದ್ದವಳು ಆ ದಿನ ನಾಲ್ಕೂಕಾಲಿಗೆ ಮಗನ ಕೋಣೆಗೆ ಬಂದಾಗ ಕಾವಲಿನ ಕುರ್ಚಿ ಖಾಲಿ ಇತ್ತು. ಹುಡುಗ ಮಾವ, ಚಿಕ್ಕಮ್ಮನ ಜೊತೆ ಟಿವಿ ನೋಡುತ್ತಿದ್ದ, ಅವನಿಗೆ ಏನೂ ಆಗಿರಲಿಲ್ಲ. ಆದರೂ ತಾಯಿ ಅಲ್ಲವೇ, ಎದೆ ಒಡೆದಂತಾಗಿರಬೇಕು. ಅವಳನ್ನು ನಾನು ಬೈಯುವುದಿಲ್ಲ. ಗುತ್ತಿಗೆದಾರ ಮಾತ್ರ ಅಕ್ಕನನ್ನು ವರಾಂಡದಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದ. ಕೋಟು, ಗುರುತಿನ ಚೀಟಿ ಎರಡನ್ನೂ ಬಿಚ್ಚಿಸಿಕೊಂಡ. ನಾಳೆ ಸಂಜೆಯೊಳಗೆ ಕೋಣೆ ಖಾಲಿ ಮಾಡು ಎಂದ. "ಎಲ್ಲಿಗೆ ಹೋಗಿದ್ದೆ?" ಎಂದು ಎಷ್ಟು ಕೇಳಿದರೂ ಅವಳು ನನ್ನ ವಾರ್ಡಿನ ಹೆಸರು ಎತ್ತಲಿಲ್ಲ. ಎತ್ತಿದರೆ ನಾನು ಬರೆದ ಸುಳ್ಳು ಹೊರಬೀಳುತ್ತಿತ್ತು. ಕೆಲಸ ಹೋಗುವ ಹೊತ್ತಿನಲ್ಲೂ ಅವಳು ನನ್ನನ್ನು ಕಾಪಾಡಿದಳು.

ಮಂಗಳವಾರ ಮಾನಸಿಕ ವೈದ್ಯರು ಬಂದರು. ಹಾಳೆ ತಿರುವಿದರು. "ಊಟ ಮಾಡ್ತಿದಾಳೆ, ಮಾತಾಡ್ತಿದಾಳೆ, ಸಂಬಂಧಿಕರು ದಿನಾ ಬರ್ತಿದಾರೆ. ಮನೆಗೆ ಕಳಿಸಬಹುದು" ಎಂದು ಬರೆದರು. ಅವರಿಗೆ ಆ ದಿನ ಇನ್ನೂ ಇಪ್ಪತ್ತಾರು ಜನ ಇದ್ದರು. ನಾನು ಓಡಿಹೋಗಿ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯನ್ನು ಹಿಡಿದೆ. ಹೆಂಗಸರ ಆಶ್ರಯ ಮನೆಗೆ ರೋಗಿಗಳನ್ನು ಸೇರಿಸುವ ಕೆಲಸ ಅವಳದು.

"ಹನ್ನೊಂದನೇ ಹಾಸಿಗೆಯವಳನ್ನ ಆಶ್ರಯ ಮನೆಗೆ ಕಳಿಸೋಕೆ ಆಗಲ್ವಾ?"

"ಅಯ್ಯೋ, ಶುಕ್ರವಾರನೇ ಅವಳಿಗೆ ಅಂತ ಒಂದು ಜಾಗ ತೆಗೆದಿಟ್ಟಿದ್ದೆ ಸಿಸ್ಟರ್. ಆಮೇಲೆ ನಿಮ್ಮ ಹಾಳೆ ನೋಡಿದೆ. ದೊಡ್ಡಮ್ಮ ಇದಾರಲ್ಲ. ಅದು ಯಾರೂ ಇಲ್ಲದವರಿಗೆ ಇರೋ ಮನೆ. ಆ ಜಾಗ ಬೇರೆಯವಳಿಗೆ ಹೋಯ್ತು."

ಕಾಲ ಕೆಳಗಿನ ನೆಲ ಕುಸಿಯಿತು ಎಂದು ಬರೆಯುವುದು ಸುಲಭ. ಏನೂ ಕುಸಿಯಲಿಲ್ಲ. ನಾನು "ಓಹೋ, ಹೌದಾ" ಎಂದೆ, ವಾರ್ಡಿಗೆ ಬಂದೆ, ಹನ್ನೆರಡನೇ ಹಾಸಿಗೆಗೆ ಇಂಜೆಕ್ಷನ್ ಕೊಟ್ಟೆ. ಆ ಹಾಳೆಯಲ್ಲಿ ಇರುವುದು ಸುಳ್ಳು, ಇವಳಿಗೆ ಯಾರೂ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಇನ್ನೊಂದು ಜಾಗ ಸಿಗುವವರೆಗೆ ಅವಳು ವಾರ್ಡಿನಲ್ಲೇ ಇರುತ್ತಿದ್ದಳು. ಆ ಮಾತಿಗೆ ನನ್ನ ನೌಕರಿ ಹೋಗುತ್ತಿತ್ತು, ಇಲ್ಲವೇ ಮೂರು ತಿಂಗಳು ಅಮಾನತು ಆಗುತ್ತಿತ್ತು. ನನಗೂ ಮನೆ ಇತ್ತು, ಹಾಸಿಗೆ ಹಿಡಿದ ಅಮ್ಮ ಇದ್ದಳು. ಎಲ್ಲರಿಗೂ ಒಂದೊಂದು ಕಾರಣ ಇದ್ದೇ ಇರುತ್ತದೆ. ನಾನು ಬಾಯಿ ಬಿಡಲಿಲ್ಲ.

ಸುದ್ದಿ ಹೇಗೋ ತಿಳಿದು ಮಧ್ಯಾಹ್ನ ಅಕ್ಕ ಏದುಸಿರು ಬಿಡುತ್ತಾ ಬಂದಳು. ಗುಮಾಸ್ತನ ಕಿಟಕಿಯ ಮುಂದೆ ನಿಂತಳು.

"ನಾನು ಕರ್ಕೊಂಡು ಹೋಗ್ತೀನಿ ಸಾರ್. ನಾನು ಅವಳ ದೊಡ್ಡಮ್ಮ."

"ಗುರುತಿನ ಚೀಟಿ?"

"ನಿನ್ನೆ ತಗೊಂಡುಬಿಟ್ರು."

"ವಿಳಾಸ?"

"ಇವತ್ತು ಸಂಜೆವರೆಗೂ ಇದೆ."

ಗುಮಾಸ್ತ ನಕ್ಕ. ಹಿಂದೆ ಸಾಲಿನಲ್ಲಿದ್ದ ನಾಲ್ವರೂ ನಕ್ಕರು. "ನೋಡಮ್ಮ, ಸಹಿ ಹಾಕಿದ ಸಂಬಂಧಿಕರು ಬಂದಾಗಿದೆ. ನೀನು ಅವಳ ದೊಡ್ಡಮ್ಮ ಅನ್ನೋದಕ್ಕೆ ಏನಾದ್ರೂ ದಾಖಲೆ ಇದ್ರೆ ತಾ" ಎಂದ. ಅವಳು ತಿರುಗಿ ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಔಷಧಿ ಪಟ್ಟಿ ನೋಡಿದೆ.

ಡ್ರೈವರ್ ಬಾಗಿಲಲ್ಲೇ ನಿಂತಿದ್ದ. "ಮೇಡಮ್ ಕಾರಲ್ಲಿ ಕಾಯ್ತಿದಾರೆ, ಬೇಗ" ಎನ್ನುತ್ತಿದ್ದ. ಹುಡುಗಿ ಹಾಸಿಗೆಯ ಬಟ್ಟೆ ಮಡಿಸಿಟ್ಟು, ದಿಂಬು ನೆಟ್ಟಗೆ ಮಾಡಿ, ಹೋಗಬಾರದ ಮನೆಗೆ ಹೊರಟಳು. ಅಕ್ಕನ ಎದುರು ನಿಂತು, "ದೊಡ್ಡಮ್ಮ, ನಾಳೆ ಬರ್ತೀರಾ?" ಎಂದಳು. "ಬರ್ತೀನಿ ಪುಟ್ಟಿ" ಎಂದಳು ಅಕ್ಕ. ಮಾತಿಗೆ ತಪ್ಪಲಿಲ್ಲ. ಮರುದಿನ ಹೋದಳು, ಅದರ ಮರುದಿನವೂ ಹೋದಳು. ಗೇಟಿನವನು ಒಳಗೆ ಕೇಳಿ ಬಂದು, ಕೆಲಸದವರನ್ನ ನೋಡೋಕೆ ಬರೋ ಪದ್ಧತಿ ಈ ಮನೇಲಿ ಇಲ್ವಂತೆ ಎಂದ. ಮೂರನೇ ದಿನ ಪೊಲೀಸರಿಗೆ ಫೋನ್ ಮಾಡುತ್ತೇವೆ ಎಂದು ಹೆದರಿಸಿದರು. "ಮಾಡಿ, ಅವರಾದ್ರೂ ಒಳಗೆ ಹೋಗಿ ನೋಡ್ಲಿ" ಎಂದು ಅವಳು ರಸ್ತೆಯಲ್ಲಿ ಎರಡು ಗಂಟೆ ಕಾದಳು. ಯಾರೂ ಬರಲಿಲ್ಲ. ಇದನ್ನೆಲ್ಲ ಅವಳು ಫೋನಿನಲ್ಲಿ ನನಗೆ ಹೇಳುತ್ತಿದ್ದಳು. ನಾನು ಛೆ ಛೆ ಎನ್ನುತ್ತಿದ್ದೆ. ಆಮೇಲೆ ಅವಳಿಗೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಕೆಲಸ ಸಿಕ್ಕಿತು. ಮಲಗಲು ಅಲ್ಲೇ ಉಗ್ರಾಣದಲ್ಲಿ ಜಾಗ ಕೊಟ್ಟರು.

ಮನೆಗೆ ಕಳಿಸಿದ ಹನ್ನೆರಡನೇ ದಿನ ಬೆಳಿಗ್ಗೆ ಹುಡುಗಿಯನ್ನು ಮತ್ತೆ ತಂದರು. ತಂದಾಗಲೇ ಜೀವ ಇರಲಿಲ್ಲ. ಹೇಗೆ ಎಂದು ನಾನು ಹೇಳುವುದಿಲ್ಲ. ಕೇಳುವವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ, ಯಾಕೆ ಬಿಟ್ಟಿರಿ ಎಂದು ಒಬ್ಬರೂ ಕೇಳುವುದಿಲ್ಲ. ಡ್ರೈವರ್ ಈ ಸಲ ಯಾವುದಕ್ಕೂ ಸಹಿ ಹಾಕಲಿಲ್ಲ. ಸ್ಟ್ರೆಚರ್ ಮೇಲೆ ಇಳಿಸಿ, ಕಾರು ತಿರುಗಿಸಿಕೊಂಡು ಹೋದ. ಫೋನ್ ಮಾಡಿದರೆ ಆ ಮನೆಯವರು, ಅವಳು ನಮ್ಮ ಕೆಲಸ ಬಿಟ್ಟು ಒಂದು ವಾರವಾಯಿತು ಎಂದರು.

ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಎರಡು ದಿನ ಹೆಣ ಯಾರಿಗೂ ಬೇಡವಾಗಿ ಬಿದ್ದಿತ್ತು. ಮೂರನೇ ದಿನ ಆಸ್ಪತ್ರೆಯ ಆಫೀಸು ಹಳೆಯ ಹಾಳೆಗಳನ್ನು ತೆಗೆಸಿತು. ಆರು ದಿನ, ಆರು ಸಾಲು, ದೊಡ್ಡಮ್ಮ. ಮೇಲಧಿಕಾರಿಗಳ ಮುಖ ಅರಳಿತು. ವರದಿಯಲ್ಲಿ ಹೀಗೆ ಬರೆದರು: ರೋಗಿಗೆ ಹತ್ತಿರದ ಸಂಬಂಧಿ ಇದ್ದು, ಪ್ರತಿದಿನ ಭೇಟಿ ಮಾಡುತ್ತಿದ್ದರೂ ಬಿಡುಗಡೆಯ ನಂತರ ಸರಿಯಾಗಿ ನೋಡಿಕೊಂಡಿಲ್ಲ. ಆಸ್ಪತ್ರೆಯ ಕಡೆಯಿಂದ ಲೋಪವಿಲ್ಲ. ಆಮೇಲೆ ನನ್ನನ್ನು ಕರೆದು, "ಆ ದೊಡ್ಡಮ್ಮನ ನಂಬರ್ ಇದೆಯಾ? ಬಂದು ತಗೊಂಡು ಹೋಗೋಕೆ ಹೇಳಿ" ಎಂದರು.

ಫೋನ್ ಮಾಡಿದೆ. ಆ ಕಡೆ ಪಾತ್ರೆಗಳ ಸದ್ದು. ಸುದ್ದಿ ಕೇಳಿದ ಅಕ್ಕ ಈರುಳ್ಳಿ ಹೆಚ್ಚುವ ಕತ್ತಿ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಬರ್ತೀನಿ. ಅಲ್ಲಿವರೆಗೂ ಯಾರಾದ್ರೂ ಅವಳ ಹತ್ರ ಕೂತಿರಿ ಸಿಸ್ಟರ್" ಎಂದಳು. ಆಯ್ತು ಎಂದೆ. ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ. ಶವದ ಕೋಣೆ ಬೇರೆ ಕಟ್ಟಡದಲ್ಲಿತ್ತು, ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ.

ಈರುಳ್ಳಿ ವಾಸನೆಯ ಕೈಯಲ್ಲೇ ಅವಳು ಬಂದಳು. ಅದೇ ಕಿಟಕಿ, ಅದೇ ಗುಮಾಸ್ತ. ಅವಳು ಹೆದರಿಕೊಂಡೇ ಹೇಳಿದಳು.

"ಗುರುತಿನ ಚೀಟಿ ಇನ್ನೂ ಮಾಡಿಸಿಲ್ಲ ಸಾರ್."

"ಅದೆಲ್ಲಾ ಬೇಡ. ಇಲ್ಲೊಂದು ಸಹಿ, ಇಲ್ಲೊಂದು ಹೆಬ್ಬೆಟ್ಟು. ಬೇಗ ತಗೊಂಡು ಹೋಗಿ, ಒಳಗೆ ಜಾಗ ಇಲ್ಲ" ಎಂದ ಗುಮಾಸ್ತ. ಸಂಬಂಧ ಅನ್ನುವ ಕಡೆ ಅವನೇ ದೊಡ್ಡಮ್ಮ ಎಂದು ತುಂಬಿಕೊಟ್ಟ. ಅವಳು ಸಹಿ ಹಾಕಿ ಹೆಬ್ಬೆಟ್ಟು ಒತ್ತಿದಳು.

ಕಾರ್ಪೊರೇಷನ್ ವ್ಯಾನಿನ ಹತ್ತಿರ ನಾನು ಅವಳ ಜೊತೆ ನಿಂತೆ. ಹೇಳಿಬಿಡಬೇಕು ಎಂದು ನಾಲಿಗೆಯ ತುದಿವರೆಗೂ ಬಂದಿತ್ತು. ಅವಳೇ ಕೇಳಿದಳು.

"ಆಶ್ರಯ ಮನೇಲಿ ಇವಳಿಗೆ ಅಂತ ಒಂದು ಜಾಗ ಇತ್ತಂತೆ. ಆಯಾಗಳು ಹೇಳಿದ್ರು. ಅದು ಯಾಕೆ ತಪ್ಪಿಹೋಯ್ತು ಸಿಸ್ಟರ್?"

"ಗೊತ್ತಿಲ್ಲ ಅಕ್ಕ" ಎಂದೆ.

ಅವಳು ನಂಬಿದಳು. ತಲೆ ಆಡಿಸಿ, ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ ಬಿಡಿ. ಇಷ್ಟು ದೊಡ್ಡ ಆಸ್ಪತ್ರೇಲಿ ಅವಳಿಗೂ ಒಬ್ಬಳು ದೊಡ್ಡಮ್ಮ ಇದಾಳೆ ಅಂತ ಬರೆದವರು ನೀವೊಬ್ರೇ ಸಿಸ್ಟರ್. ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಹೇಳಿ ವ್ಯಾನ್ ಹತ್ತಿದಳು.